ಅಪ್ಪನ ಜೊತೆ ಎರಡು ದಿನ ಕಾಸರಗೋಡು: ಬೇಕಲ ಬಿಟ್ಟು ಮತ್ತೆ ಎಂತ ಉಂಟು?

ನೀರ್ಚಾಲು ರಸ್ತೆ · ಶುಕ್ರವಾರ ರಾತ್ರಿ 9:50

ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ಇಲ್ಲಿ ಓದ್ತಾ ಇದ್ದೇನೆ, ಬರೆಯೋದು ಇದೇ ಮೊದಲು.

ಅಪ್ಪನಿಗೆ ಈಗ 77. ಊರು ಬದಿಯಡ್ಕದ ಹತ್ತಿರ. 1971ರಲ್ಲಿ ಕೆಲಸ ಸಿಕ್ಕಿ ಬೆಂಗಳೂರಿಗೆ ಬಂದವರು. ಆಮೇಲೆ ಮದುವೆಗೋ ಉತ್ತರಕ್ರಿಯೆಯ ಬೊಜ್ಜಕ್ಕೋ ಹೋಗಿ ಮರುದಿನವೇ ಬಸ್ಸು ಹತ್ತಿದ್ದು ಬಿಟ್ಟರೆ ನಿಂತು ಊರು ನೋಡಿಲ್ಲ. ಅಜ್ಜನ ಮನೆ ಪಾಲಾಯ್ತು, ಮಾರಾಟವಾಯ್ತು, ಕೊಂಡವರು ಕೆಡವಿದರು. ಈಗ ಅಲ್ಲಿ ರಬ್ಬರ್ ತೋಟ.

ಡಿಸೆಂಬರ್ ಕೊನೆ ವಾರ ಎರಡು ದಿನ ಅವರನ್ನು ಕರ್ಕೊಂಡು ಬರೋ ಆಲೋಚನೆ. ಮೊಣಕಾಲು ನೋವಿದೆ, ಹತ್ತಿಪ್ಪತ್ತು ಮೆಟ್ಟಿಲು ಪರವಾಗಿಲ್ಲ, ಗುಡ್ಡ ಹತ್ತೋಕೆ ಆಗಲ್ಲ. ಕಾರಿದೆ. ರೆಸಾರ್ಟು ತೋರಿಸಿದ್ದಕ್ಕೆ ಅವರು ಹೇಳಿದ್ದು: "ಸಮುದ್ರ ನೋಡಿ ಎಂತ ಮಾಡುದು? ಹಳೇದು ಏನಾದ್ರೂ ಬಿಟ್ಟಿದ್ದಾರಾ ನೋಡು."

ಕೋಟೆ, ಅರಮನೆ, ದೇವಸ್ಥಾನ, ಸರಿಮಾಡಿಸಿ ಉಳಿಸಿಕೊಂಡ ಹಳೇ ಮನೆ, ಏನಾದ್ರೂ ಸರಿ. ಹೋಗಿ ಬೇಜಾರಾಗೋ ಜಾಗ ಇದ್ರೆ ಅದನ್ನೂ ಮೊದಲೇ ಹೇಳಿಬಿಡಿ.

ಚಂದ್ರಗಿರಿ ಕಡವು · ಶುಕ್ರವಾರ ರಾತ್ರಿ 10:35

ಬನ್ನಿ ಅಕ್ಕ. ಬೇಕಲ ಕೋಟೆ ಬಿಡ್ಲಿಕ್ಕೆ ಆಗುದಿಲ್ಲ, ಆದ್ರೆ ಅದಕ್ಕೆ ಇಡೀ ದಿನ ಕೊಡ್ಬೇಡಿ. ಕಾಸರಗೋಡು ಪೇಟೆಯಿಂದ ತೆಂಕಕ್ಕೆ 16 ಕಿಲೋಮೀಟರ್. 40 ಎಕರೆ ಜಾಗ, ಒಳಗೆ ನೆರಳು ಅಂತ ಹೇಳುವ ನೆರಳಿಲ್ಲ. ಹತ್ತು ಗಂಟೆಗೆ ಒಳಗೆ ಹೋದ್ರೆ ಹನ್ನೊಂದಕ್ಕೆ ಅಪ್ಪ ಕಾರಿನಲ್ಲಿರ್ತಾರೆ. ಬೆಳಗ್ಗೆ ಬಾಗಿಲು ತೆಗೆದ ಕೂಡ್ಲೆ ಹೋಗಿ, ಇಲ್ಲ ಸಂಜೆ ನಾಲ್ಕು ಕಳಿದ ಮೇಲೆ. ಟಿಕೆಟು 25 ರೂಪಾಯಿ.

ನಡುವಿನ ದೊಡ್ಡ ಗೋಪುರಕ್ಕೆ ಹತ್ತುವ ದಾರಿ ಇಳಿಜಾರಿನದ್ದು, ಮೆಲ್ಲ ನಡೆದ್ರೆ ಆಗ್ತದೆ. ಎಲ್ರೂ ಮೇಲೆ ಹೋಗಿ ಸಮುದ್ರದ ಫೋಟೋ ತೆಗೆದು ಬರ್ತಾರೆ. ನೀವು ಗೋಡೆಯ ತೂತು ನೋಡಿ. ಒಂದೇ ಕಡೆ ಮೇಲೆ, ನಡುವೆ, ಕೆಳಗೆ ಅಂತ ಕಿಂಡಿ ಕೊರೆದಿದ್ದಾರೆ. ಮೇಲಿನ ಕಿಂಡಿಯಲ್ಲಿ ಕಣ್ಣಿಟ್ರೆ ದೂರದ ನೀರು ಕಾಣ್ತದೆ, ನಡುವಿನದ್ರಲ್ಲಿ ಹತ್ತಿರದ ದಂಡೆ, ಕೆಳಗಿನದ್ರಲ್ಲಿ ಗೋಡೆಯ ಬುಡ. ಶತ್ರು ಎಲ್ಲಿವರೆಗೆ ಬಂದಿದ್ದಾನೋ ಆ ಕಿಂಡಿಯಿಂದ ಕೋವಿ. ನಾನು ಶಾಲೆಯ ಟೂರಿನಲ್ಲಿ ನಾಲ್ಕು ಸಲ ಹೋಗಿದ್ದೆ, ಇದನ್ನು ಯಾರೂ ತೋರಿಸಿರ್ಲಿಲ್ಲ. ಐದನೇ ಸಲ ಮಗ ಬಗ್ಗಿ ನೋಡಿ ಕೇಳಿದ ಮೇಲೆ ಗೊತ್ತಾದದ್ದು.

ಪೇಟೆ ಹುಡುಗ · ಶುಕ್ರವಾರ ರಾತ್ರಿ 11:02

ಬೇಕಲ ಟಿಪ್ಪು ಸುಲ್ತಾನ್ ಕಟ್ಟಿಸಿದ್ದು. ಸಿನಿಮಾ ಹಾಡೆಲ್ಲ ತೆಗೆದಿದ್ದಾರೆ. ಅದೊಂದು ನೋಡಿದ್ರೆ ಸಾಕು, ಉಳಿದ ಕೋಟೆಯಲ್ಲಿ ಹುಲ್ಲು ಬಿಟ್ಟು ಎಂತದೂ ಇಲ್ಲ.

ನಿವೃತ್ತ ಮಾಷ್ಟ್ರು · ಶನಿವಾರ ಬೆಳಗ್ಗೆ 6:15

ತಮ್ಮಾ, ಬೆಳಗಾಗುವ ಮೊದಲೇ ನನಗೆ ಕೆಲಸ ಕೊಟ್ಟೆ.

ಬೇಕಲ ಇಕ್ಕೇರಿಯವರದ್ದು. ಕೆಳದಿಯ ಶಿವಪ್ಪ ನಾಯಕ, ಸುಮಾರು 1650. ಹೈದರಾಲಿ 1763ರಲ್ಲಿ ಕೆಳದಿಯವರ ರಾಜಧಾನಿ ಬಿದನೂರು ಹಿಡಿದ ಮೇಲೆ ಈ ಕಡೆಯ ಕೋಟೆಗಳು ಒಂದೊಂದಾಗಿ ಮೈಸೂರಿನ ಕೈಗೆ ಹೋದವು. ಟಿಪ್ಪುವಿನ ಕಾಲದಲ್ಲಿ ಬೇಕಲ ಮುಖ್ಯ ಠಾಣೆಯಾಯಿತು ಎಂಬುದು ಸರಿ, ಕಟ್ಟಿಸಿದ್ದು ಅವನಲ್ಲ. 1799ರ ನಂತರ ಕಂಪೆನಿಯವರದ್ದು. ಮೂರು ಆಡಳಿತ ಬದಲಾದ ಕೋಟೆಗೆ ಕೊನೆಗೆ ಯಾರ ಹೆಸರು ಅಂಟಿಕೊಳ್ಳುತ್ತದೆ ಎಂದರೆ, ಯಾರ ಕತೆ ಹೆಚ್ಚು ರೋಚಕವೋ ಅವರದ್ದು. ಬಾಗಿಲಲ್ಲೇ ಆಂಜನೇಯನ ಗುಡಿ ಉಂಟು, ಅಲ್ಲಿಂದ ಹೆಚ್ಚು ದೂರವಿಲ್ಲದೆ ಹಳೆಯ ಮಸೀದಿ. ಅವೆರಡನ್ನು ನೋಡಿದರೂ ಅರ್ಧ ಚರಿತ್ರೆ ತಿಳಿಯುತ್ತದೆ.

ಇನ್ನು "ಹುಲ್ಲು ಬಿಟ್ಟು ಎಂತದೂ ಇಲ್ಲ" ಎಂಬ ಮಾತು. ಆರಿಕ್ಕಾಡಿ, ಚಂದ್ರಗಿರಿ, ಪೊವ್ವಲ್, ಬೇಕಲ, ಹೊಸದುರ್ಗ. ಈ ಹೆಸರುಗಳನ್ನು ನಕ್ಷೆಯಲ್ಲಿ ಬಡಗಿನಿಂದ ತೆಂಕಿಗೆ ಗುರುತು ಹಾಕಿ ನೋಡು. ಒಂಟಿ ಕೋಟೆಯಲ್ಲ, ಸಾಲು ಕೋಟೆ. ಹೊಳೆ ಸಮುದ್ರ ಸೇರುವ ಕಡೆಯೆಲ್ಲ ಕಾವಲು. ಮಲೆನಾಡಿನಲ್ಲಿ ಕೂತ ಅರಸನಿಗೆ ಕರಾವಳಿಯ ಕಾಳುಮೆಣಸು, ಅಕ್ಕಿ, ಬಂದರಿನ ಸುಂಕ ಬೇಕಿತ್ತು. ಚಂದ್ರಗಿರಿ ಹೊಳೆಯ ಆಚೆ ಮಲಬಾರಿನ ಅರಸರಾದ ಕೋಲತ್ತಿರಿಗಳ ಸೀಮೆ. ಗಡಿ ದಾಟಿ ಹೊಳೆಯ ತೆಂಕು ದಡದಲ್ಲಿ ಕೋಟೆ ಕಟ್ಟಿದ್ದಾರೆ ಎಂದರೆ ಅವರ ಧೈರ್ಯ ಎಷ್ಟಿರಬೇಕು ಲೆಕ್ಕ ಹಾಕು.

ಹಾಗಾಗಿ ಅಮ್ಮಾ, ಅಪ್ಪನವರಿಗೆ ಚಂದ್ರಗಿರಿ ಕೋಟೆ ತೋರಿಸಿ. ಏಳೆಕರೆಯ ಚೌಕದ ಕೋಟೆ, ಪೇಟೆಯಿಂದ ನಾಲ್ಕೈದು ಕಿಲೋಮೀಟರ್. ಸಂಜೆ ಐದಕ್ಕೆ ಗೋಡೆಯ ಹತ್ತಿರ ನಿಂತರೆ ಪಯಸ್ವಿನಿ, ಅಂದರೆ ಚಂದ್ರಗಿರಿ ಹೊಳೆ, ತಿರುಗಿ ಅಳಿವೆಗೆ ಹೋಗುವುದು ಪೂರಾ ಕಾಣುತ್ತದೆ. ಜನ ಇರುವುದಿಲ್ಲ.

ಪೇಟೆ ಹುಡುಗ · ಶನಿವಾರ ಬೆಳಗ್ಗೆ 9:20

ಆಯ್ತು ಮಾಷ್ಟ್ರೇ, ಒಪ್ಪಿದೆ. ಹುಲ್ಲು ಉಂಟು ಅಂತ ಹೇಳಿದ್ದು ಮಾತ್ರ ಸುಳ್ಳಲ್ಲ. ಪ್ಯಾಂಟಿಗೆ ಅಂಟುವ ಮುಳ್ಳು ಸಾಯ್ಲಿ, ಮನೆಗೆ ಬಂದು ಒಂದು ಗಂಟೆ ಕೀಳ್ಬೇಕು.

ಮುರಕಲ್ಲು · ಶನಿವಾರ ಮಧ್ಯಾಹ್ನ 1:40

ನಾನು ಕುಂಬ್ಳೆ ಕಡೆಯವ, ಕಲ್ಲು ಕಟ್ಟುವ ಕೆಲಸದ ಕಂತ್ರಾಟು. "ಸರಿಮಾಡಿಸಿ ಉಳಿಸಿಕೊಂಡ ಮನೆ" ಅಂತ ಕೇಳಿದ್ರಲ್ಲ, ಅದಕ್ಕೆ ಸ್ವಲ್ಪ ಬರೀತೇನೆ, ಉದ್ದ ಆದ್ರೆ ಬಯ್ಯಬೇಡಿ.

ನಮ್ಮ ಮುರಕಲ್ಲು, ಅಂದ್ರೆ ಜಂಬಿಟ್ಟಿಗೆ, ಕಡಿಯುವಾಗ ಮೆತ್ತಗೆ, ಗಾಳಿ ತಾಗ್ತಾ ಗಟ್ಟಿ. ಮೈಯೆಲ್ಲ ತೂತು. ಮಳೆಗಾಲದಲ್ಲಿ ನೀರು ಕುಡೀತದೆ, ಬೇಸಗೆಯಲ್ಲಿ ಬಿಡ್ತದೆ. ಹಳಬರು ಅದಕ್ಕೆ ಚಿಪ್ಪಿನ ಸುಣ್ಣದ ಗಾರೆ ಹಾಕ್ತಿದ್ರು, ಬೆಲ್ಲದ ನೀರು ಸೇರಿಸಿ ಅರೆದು. ಸುಣ್ಣವೂ ಉಸಿರಾಡ್ತದೆ, ಕಲ್ಲೂ ಉಸಿರಾಡ್ತದೆ, ಇಬ್ಬರಿಗೂ ಜಗಳ ಇಲ್ಲ. ಸಿಮೆಂಟು ಹಾಗಲ್ಲ. ಹೊರಗಿಂದ ಬಾಯಿ ಮುಚ್ಚಿಬಿಡ್ತದೆ. ಒಳಗೆ ಹೋದ ನೀರು ಎಲ್ಲಿಂದ ಹೊರಗೆ ಬರ್ಬೇಕು?

ಸುಮಾರು ವರ್ಷದ ಹಿಂದೆ ಒಂದು ಗುತ್ತಿನ ಮನೆಯ ಚಾವಡಿ ದುರಸ್ತಿ. ಹೆಸರು ಬೇಡ. ನಾನು ಸುಣ್ಣ ಅಂದೆ, ಮನೆಯವರು ತಡ ಆಗ್ತದೆ ಅಂದ್ರು. ಮಗ ದುಬೈಯಿಂದ ಬರುವ ಮೊದಲು ಮುಗೀಬೇಕು. ಸಿಮೆಂಟು ಸಾರಿಸಿ ಮೇಲೆ ಹೊಳೆಯುವ ಬಣ್ಣ. ಮದುವೆ ಚಪ್ಪರದಲ್ಲಿ ಎಲ್ರೂ ಹೊಗಳಿದ್ರು. ಮೂರು ಮಳೆಗಾಲ ಕಳೀಲಿ, ಗೋಡೆಯ ಬುಡದಿಂದ ಎರಡಡಿ ಎತ್ತರಕ್ಕೆ ಗಾರೆ ಕಾವಲಿಯಿಂದ ದೋಸೆ ಏಳುವ ಹಾಗೆ ಎದ್ದು ಬಂತು. ಹಿಂದಿನ ಕಲ್ಲು ಮುಟ್ಟಿದ್ರೆ ಉಗುರಿಗೆ ಹುಡಿ. ನಾನೇ ಮಾಡಿದ ಕೆಲಸ, ಯಾರಿಗೆ ಬಯ್ಯುದು?

ಹಾಗಾಗಿ ಹಳೇ ಕಟ್ಟಡ ನೋಡ್ಲಿಕ್ಕೆ ಹೋದ್ರೆ ಎದುರು ನಿಂತು ಬಣ್ಣ ನೋಡ್ಬೇಡಿ. ಗೋಡೆಯ ಬುಡ ನೋಡಿ. ಬೆರಳ ಗೆಣ್ಣಿನಿಂದ ಬಡಿದು ನೋಡಿ, ಟೊಳ್ಳು ಸದ್ದು ಬಂದ್ರೆ ಒಳಗೆ ಬಿಟ್ಟಿದೆ ಅಂತ ಲೆಕ್ಕ. ಮತ್ತೆ ಮಾಡು ನೋಡಿ, ಒಳಗಿಂದ. ಪಕಾಸು ಮರದ್ದಾ, ಕಬ್ಬಿಣದ್ದಾ, ಹಂಚಿನ ಹೊಟ್ಟೆಯಲ್ಲಿ ಎಂತ ಅಚ್ಚು ಉಂಟು. ಮಂಗಳೂರಿನಲ್ಲಿ ಬಾಸೆಲ್ ಮಿಶನ್‌ನವರು ಹಂಚಿನ ಕಾರ್ಖಾನೆ ಹಾಕಿದ್ದು 1865ರಲ್ಲಿ. ಆಮೇಲೆಯೇ ನಮ್ಮ ಕಡೆ ಸೋಗೆ, ಮುಳಿಹುಲ್ಲು ಇಳಿದು ಹಂಚು ಹತ್ತಿದ್ದು. "ನಾನ್ನೂರು ವರ್ಷದ ಹಂಚಿನ ಮನೆ" ಅಂತ ಯಾರಾದ್ರೂ ಹೇಳಿದ್ರೆ ತಲೆ ಆಡಿಸಿ ಬನ್ನಿ, ವಾದ ಬೇಡ. ಮನೆ ನಾನ್ನೂರು ವರ್ಷದ್ದೇ ಇರ್ಬಹುದು, ಹಂಚಲ್ಲ.

ನೀರ್ಚಾಲು ರಸ್ತೆ · ಶನಿವಾರ ಸಂಜೆ 7:10

ಇದನ್ನು ಅಪ್ಪನಿಗೆ ಓದಿ ಹೇಳಿದೆ. ಹಂಚಿನ ಭಾಗ ಬಂದಾಗ ತಡೆದರು. ಚಿಕ್ಕವರಿದ್ದಾಗ ಚಾವಡಿಯಲ್ಲಿ ಅಂಗಾತ ಮಲಗಿ ಹಂಚಿನ ಅಕ್ಷರ ನೋಡ್ತಿದ್ರಂತೆ. ಶಾಲೆಯಲ್ಲಿ ಇಂಗ್ಲಿಷ್ ಶುರುವಾಗೋ ಮೊದಲೇ ಆ ಅಕ್ಷರಗಳು ಗುರುತಾಗಿದ್ದವು, ಆದ್ರೆ ತಲೆಕೆಳಗಾಗಿ. ಮಾಷ್ಟ್ರು ಬೋರ್ಡಿನ ಮೇಲೆ ಬರೆದಾಗ ಇವರಿಗೆ ಉಲ್ಟಾ ಕಂಡಿತಂತೆ. ನಾನು ಈ ಕತೆ ಇಷ್ಟು ವರ್ಷದಲ್ಲಿ ಕೇಳಿರಲಿಲ್ಲ.

ಅಡೂರು ಮಧೂರು · ಶನಿವಾರ ರಾತ್ರಿ 8:30

ಕುಂಬ್ಳೆ–ಬದಿಯಡ್ಕ ರಸ್ತೆಯಲ್ಲಿ ಬನ್ನಿ, ಅಪ್ಪನ ಹಳೇ ಬಸ್ಸಿನ ದಾರಿಯೂ ಅದೇ ಆಗಿರ್ತದೆ. ಮೊದಲು ಅನಂತಪುರ. ಮುರಪಾರೆಯ ನಡುವೆ ಕೆರೆ, ಕೆರೆಯ ನಡುವೆ ಗರ್ಭಗುಡಿ, ಹೋಗ್ಲಿಕ್ಕೆ ಒಂದು ಕಾಲುಸಂಕ. ತಿರುವನಂತಪುರದ ಪದ್ಮನಾಭನಿಗೆ ಇದೇ ಮೂಲಸ್ಥಾನ ಅಂತ ನಂಬಿಕೆ. ಮೊಸಳೆ ಬಬಿಯಾ 2022ರ ಅಕ್ಟೋಬರ್ 9ರಂದು ತೀರಿಕೊಂಡಿತು, ಮರುವರ್ಷವೇ ಇನ್ನೊಂದು ಕಾಣಿಸಿಕೊಂಡಿತು. ಮಕ್ಕಳು ಅದನ್ನೇ ಹುಡುಕ್ತಾರೆ. ಆದ್ರೆ ದೊಡ್ಡವರು ನೋಡ್ಬೇಕಾದ್ದು ವಿಗ್ರಹ. ಇಲ್ಲಿಯ ಮೂಲವಿಗ್ರಹ ಕಲ್ಲಿನದ್ದೂ ಅಲ್ಲ, ಲೋಹದ್ದೂ ಅಲ್ಲ, ಕಡುಶರ್ಕರಪಾಕ ಅಂತ ಹತ್ತಾರು ಔಷಧೀಯ ವಸ್ತು ಸೇರಿಸಿ ಮಾಡಿದ್ದು. 1972ರಲ್ಲಿ ಅದರ ಬದಲು ಪಂಚಲೋಹದ್ದು ಇಟ್ರು. ಆಮೇಲೆ ಹಳೇ ಕ್ರಮವೇ ಬೇಕು ಅಂತ ಮತ್ತೆ ಕಡುಶರ್ಕರದ ಕೆಲಸಕ್ಕೆ ಕೈಹಾಕಿದ್ರು. ಜೀರ್ಣೋದ್ಧಾರ ಅಂದ್ರೆ ಹೊಸದು ಇಡುದಾ, ಹಳೇ ವಿದ್ಯೆಯನ್ನು ಇನ್ನೊಮ್ಮೆ ಕಲಿಯುದಾ, ಮುರಕಲ್ಲು ಅಣ್ಣನ ಪ್ರಶ್ನೆಯೇ ಇಲ್ಲಿಯೂ ಉಂಟು. ಮಧ್ಯಾಹ್ನ ನಡೆ ಮುಚ್ಚುವ ಮೊದಲು ಮುಟ್ಟಿ.

ಮಧೂರು ಎರಡನೇ ದಿನಕ್ಕೆ ಇಟ್ಕೊಳ್ಳಿ. ಆನೆಯ ಬೆನ್ನಿನ ಹಾಗೆ ಹಿಂದೆ ದುಂಡಾದ ಗಜಪೃಷ್ಠದ ಗುಡಿ, ಮೂರು ನೆಲೆ, ಮೇಲೆ ತಾಮ್ರದ ಹೊದಿಕೆ. ದೇವಸ್ಥಾನದ ಹೆಸರು ಮದನಂತೇಶ್ವರನದ್ದು, ಜನ ಬರುವುದು ಗೋಡೆಯಲ್ಲಿ ಬೆಳೆದ ಗಣಪತಿಗೆ. ಇಲ್ಲಿಯೂ ಟಿಪ್ಪುವಿನ ಕತೆ ಉಂಟು: ಬಾವಿಯ ನೀರು ಕುಡಿದು ಮನಸ್ಸು ಬದಲಾಯಿಸಿದ, ನೆಪಕ್ಕೆ ಕತ್ತಿಯಲ್ಲಿ ಒಂದು ಗೆರೆ ಎಳೆದು ಹೋದ ಅಂತ. 1992ರ ನಂತರ 2025ರಲ್ಲಿ ಗಣಪತಿಯನ್ನು ಅಪ್ಪದಲ್ಲಿ ಮುಚ್ಚುವ ಮೂಡಪ್ಪ ಸೇವೆ ಆಯ್ತು, ಅದರ ಮೊದಲು ದೊಡ್ಡ ಜೀರ್ಣೋದ್ಧಾರ. ಅಪ್ಪನಿಗೆ "ಅಡೂರು, ಮಧೂರು, ಕಾವು, ಕಣ್ಯಾರ" ಅಂತ ಹೇಳಿ ನೋಡಿ, ಕುಂಬ್ಳೆ ಸೀಮೆಯ ನಾಲ್ಕು ದೇವಸ್ಥಾನ ಬೆರಳು ಮಡಚಿ ಹೇಳ್ತಾರೆ.

ದಾರಿಯಲ್ಲಿ ಬೇಳದ ಶೋಕಮಾತಾ ಇಗರ್ಜಿ ತಪ್ಪಿಸ್ಬೇಡಿ. 1890ರದ್ದು. ಅಡಿಕೆ ತೋಟ, ಗೇರು ಗುಡ್ಡ ದಾಟಿ ಬರುವಾಗ ಚೂಪು ಕಮಾನಿನ ದೊಡ್ಡ ಕಟ್ಟಡ ಒಮ್ಮೆಲೇ ಎದುರು ಬರ್ತದೆ.

ತಳಂಗರೆ ತೊಪ್ಪಿ · ಶನಿವಾರ ರಾತ್ರಿ 9:15

ಪೇಟೆಯಲ್ಲೇ ಇರುವ ನಮ್ಮ ಮಾಲಿಕ್ ದೀನಾರ್ ಮಸೀದಿ ಯಾರೂ ಹೇಳ್ಲೇ ಇಲ್ಲ! ರೈಲ್ವೆ ಸ್ಟೇಶನ್ನಿನಿಂದ ಹತ್ತಿರ. ಕೇರಳ ಕರಾವಳಿಗೆ ಇಸ್ಲಾಂ ತಂದವರ ಹೆಸರಿನ ಮಸೀದಿ, ಮಾಲಿಕ್ ಇಬ್ನ್ ಮುಹಮ್ಮದರ ಮಖಬರ, ಅಂದ್ರೆ ಸಮಾಧಿ, ಉಂಟು. ಎಲ್ಲ ಮತದವರೂ ಬರ್ತಾರೆ. ತಲೆಗೆ ಸೆರಗು ಹಾಕ್ಕೊಂಡು ಬನ್ನಿ, ಒಳಗೆ ಎಲ್ಲಿವರೆಗೆ ಅಂತ ಅಲ್ಲಿದ್ದವರನ್ನು ಕೇಳಿ, ಮರ್ಯಾದೆಯಲ್ಲಿ ಹೇಳ್ತಾರೆ. ತಳಂಗರೆಯ ಕಸೂತಿ ತೊಪ್ಪಿ ಒಂದು ಕಾಲದಲ್ಲಿ ಕಡಲಾಚೆ ಹೋಗ್ತಿತ್ತು. ನನ್ನ ಉಮ್ಮ ಹೊಲೀತಿದ್ರು, ಒಂದಕ್ಕೆ ದಿನಗಟ್ಟಲೆ. ಈಗ ಮನೆಯಲ್ಲಿ ಉಳಿದದ್ದು ಒಂದೇ, ಅದನ್ನು ಯಾರೂ ತಲೆಗಿಡುದಿಲ್ಲ.

ಮಂಜೇಶ್ವರ ಕಡೆ ಹೋಗುದಾದ್ರೆ ಉದ್ಯಾವರಕ್ಕೂ ಹೋಗಿ. ಅಲ್ಲಿ ಅರಸು ಮಂಜಿಷ್ಣಾರ್ ದೈವಗಳ ಮಾಡ, ಮತ್ತೆ ಸಾವಿರ ಜಮಾಅತ್ ಮಸೀದಿ. ಮಾಡದ ಜಾತ್ರೆಗೆ ಮೊದಲು ದೈವದ ಕಡೆಯವರು ಮಸೀದಿಗೆ ಬಂದು ಕರೆಯುವ ಪದ್ಧತಿ ಈಗಲೂ ನಡೀತದೆ. ಡಿಸೆಂಬರಿನಲ್ಲಿ ನಿಮಗೆ ಅದು ನೋಡ್ಲಿಕ್ಕೆ ಸಿಗುದಿಲ್ಲ, ಎರಡು ಕಟ್ಟಡ ಮಾತ್ರ ಸಿಗ್ತದೆ.

ಹೊಸಂಗಡಿ ಗೇಟು · ಭಾನುವಾರ ಬೆಳಗ್ಗೆ 8:00

ಮಂಜೇಶ್ವರ ಅಂತ ಬಂದದ್ದಕ್ಕೆ ಹೇಳ್ತೇನೆ. ಗೋವಿಂದ ಪೈಗಳ ಮನೆ ಈಗ 'ಗಿಳಿವಿಂಡು', ಅವರ 1930ರ ಕವನ ಸಂಕಲನದ ಹೆಸರೇ. ಪ್ರಾಸ ಬಿಟ್ಟು ಬರೆದು ಪಂಡಿತರ ಹತ್ತಿರ ಬಯ್ಗುಳ ತಿಂದವರು, 1949ರಲ್ಲಿ ಮದರಾಸು ಸರಕಾರ ರಾಷ್ಟ್ರಕವಿ ಅಂತ ಗೌರವಿಸಿತು. ಆಗ ನಾವು ಮದರಾಸಿನಲ್ಲೇ ಇದ್ದದ್ದಲ್ವಾ. ಮನೆ ಬಹಳ ಕಾಲ ಪಾಳು ಬಿದ್ದಿತ್ತು. ನಾವು ಮಕ್ಕಳು ಅದರ ಹಿತ್ತಿಲಿನಲ್ಲಿ ನೆಲ್ಲಿಕಾಯಿ ಹೆಕ್ಕಲು ಹೋಗ್ತಿದ್ದೆವು, ಯಾರ ಮನೆ ಅಂತ ಗೊತ್ತಿಲ್ಲದೆ. ಈಗ ಮನೆ ಎದ್ದು ನಿಂತಿದೆ, ಪಕ್ಕದಲ್ಲಿ ಸಭಾಂಗಣವೂ ಆಗಿದೆ. ಅವರ ಪುಸ್ತಕಗಳು ಮಾತ್ರ ಉಡುಪಿಯ ಎಂ.ಜಿ.ಎಂ. ಕಾಲೇಜಿನಲ್ಲಿ. ಪುಸ್ತಕ ಉಳಿದದ್ದೇ ಅಲ್ಲಿಗೆ ಹೋದದ್ದರಿಂದ ಅಂತ ನನ್ನ ಅಭಿಪ್ರಾಯ. ಇಲ್ಲಿದ್ದಿದ್ರೆ ಗೆದ್ದಲು ಓದಿ ಮುಗಿಸ್ತಿತ್ತು.

ಮೊದಲು ಫೋನು ಮಾಡಿ ತೆರೆದಿದೆಯಾ ಕೇಳಿ ಹೋಗಿ. ಹೊಳೆಯ ಆಚೆ ಬಂಗ್ರ ಮಂಜೇಶ್ವರದಲ್ಲಿ ಎರಡು ಹಳೇ ಜೈನ ಬಸದಿ ಉಂಟು, ಬರುವವರು ಕಡಿಮೆ.

ಶೇಣಿ ಸೋಗೆ · ಭಾನುವಾರ ರಾತ್ರಿ 10:20

ಎಲ್ರೂ ಮೇಲೆ ಕಟ್ಟಿದ್ದನ್ನೇ ಹೇಳ್ತಾ ಇದ್ದೀರಿ. ಒಳಗೆ ಕೊರೆದದ್ದು?

ನಮ್ಮ ಶೇಣಿ, ಬಾಯಾರು, ಪಡ್ರೆ, ಪೈವಳಿಕೆ ಕಡೆ ಸುರಂಗ ಇಲ್ಲದ ಹಳೇ ತೋಟ ಅಪರೂಪ. ಗೊತ್ತಿಲ್ಲದವರಿಗೆ ಹೇಳ್ತೇನೆ: ಬಾವಿ ಕೆಳಗೆ ತೋಡುದು, ಸುರಂಗ ಗುಡ್ಡದ ಹೊಟ್ಟೆಗೆ ಅಡ್ಡ ತೋಡುದು. ಒಬ್ಬ ಮನುಷ್ಯ ನಡೆದು ಹೋಗುವಷ್ಟು ಎತ್ತರ, ಭುಜ ಎರಡು ಕಡೆ ತಾಗುವ ಅಗಲ. ಮುರಕಲ್ಲಿನ ಅಡಿಯ ಮೆದು ಮಣ್ಣಿನಲ್ಲಿ ಒಸರು ಸಿಗುವವರೆಗೆ ಕೊರೀತಾ ಹೋಗುದು. ಕೆಲವು ಹತ್ತು ಕೋಲಿಗೆ ಮುಗೀತದೆ, ಕೆಲವು 200–300 ಮೀಟರ್ ಹೋದದ್ದುಂಟು, ಅಂಥದ್ದಕ್ಕೆ ನಡುವೆ ಮೇಲಿಂದ ಗಾಳಿಗೆ ತೂತು ಬಿಡ್ತಾರೆ. ಪಂಪು ಬೇಡ, ಕರೆಂಟು ಬೇಡ, ನೀರು ತಾನಾಗಿ ಹರಿದು ಕೆರೆಗೆ ಬೀಳ್ತದೆ, ಕೆರೆಯಿಂದ ಅಡಿಕೆಗೆ.

ತೋಡುವವರು ಇಬ್ಬರು. ಒಬ್ಬ ಒಳಗೆ ಪಿಕ್ಕಾಸು ಹಿಡಿದು, ಇನ್ನೊಬ್ಬ ಮಣ್ಣು ಹೊರಗೆ ಹಾಕಲು. ಎಲ್ಲಿ ಕೊರೀಬೇಕು ಅಂತ ಗುಡ್ಡದ ಮೇಲಿನ ಮರ, ಹುತ್ತ, ಬೇಸಗೆಯಲ್ಲೂ ಒಣಗದ ಹಸುರು ನೋಡಿ ಹೇಳುವವರಿದ್ರು. ಒಳಗೆ ದೀಪ ಇಟ್ಕೊಂಡು ಹೋಗ್ತಿದ್ರು, ಬೆಳಕಿಗೆ ಮಾತ್ರ ಅಲ್ಲ. ದೀಪ ಮಂಕಾದ್ರೆ ಗಾಳಿ ಸಾಲದು, ಕೆಲಸ ಬಿಟ್ಟು ಹೊರಗೆ ಬರ್ಬೇಕು. ಈಗ ಕೊಳವೆ ಬಾವಿ ಬಂದು ತೋಡುವವರು ಬೆರಳೆಣಿಕೆ. ಕೊರೆಯುವ ಲಾರಿ ಬಂದ್ರೆ ಒಂದು ರಾತ್ರಿಯಲ್ಲಿ 500 ಅಡಿ, ಸುರಂಗಕ್ಕೆ ತಿಂಗಳುಗಟ್ಟಲೆ. ಯಾರು ಕಾಯ್ತಾರೆ? ಆದ್ರೆ ಎಪ್ರಿಲಿನಲ್ಲಿ ಆ 500 ಅಡಿ ಒಣಗಿದಾಗ ಕೊಡ ಹಿಡ್ಕೊಂಡು ಬರುದು ಸುರಂಗದ ಬಾಯಿಗೇ.

ಇದಕ್ಕೆ ಟಿಕೆಟಿಲ್ಲ, ಫಲಕ ಇಲ್ಲ, ಎಲ್ಲ ಖಾಸಗಿ ತೋಟದಲ್ಲಿ. ನಮ್ಮ ಚಿಕ್ಕಪ್ಪನ ತೋಟದಲ್ಲಿ ಒಂದುಂಟು, ಕಾರಿನಿಂದ ಐವತ್ತು ಹೆಜ್ಜೆ. ಬರುದಾದ್ರೆ ಸಂದೇಶ ಹಾಕಿ ಅಕ್ಕ. ಟಾರ್ಚು ತನ್ನಿ. ಬಾವಲಿ ಇರ್ತದೆ, ಕಿರುಚಬಾರದು.

ನೀರ್ಚಾಲು ರಸ್ತೆ · ಸೋಮವಾರ ರಾತ್ರಿ 9:05

ಸಂದೇಶ ಹಾಕಿದ್ದೇನೆ. ಇನ್ನೊಂದು ಸಂಶಯ. ಮೊಬೈಲಿನ ನಕ್ಷೆಯಲ್ಲಿ ಹೊಸದುರ್ಗ ಹುಡುಕಿದ್ರೆ ಚಿತ್ರದುರ್ಗ ಜಿಲ್ಲೆಗೆ ಕರ್ಕೊಂಡು ಹೋಗ್ತಿದೆ!

ಚಂದ್ರಗಿರಿ ಕಡವು · ಸೋಮವಾರ ರಾತ್ರಿ 9:30

ಕಾಞಂಗಾಡು ಅಂತ ಹಾಕಿ. ಕೋಟೆಯ ಜಾಗಕ್ಕೆ ಮಲಯಾಳದಲ್ಲಿ ಪುದಿಯಕೋಟ್ಟ ಅಂತಾರೆ, ಅರ್ಥ ಒಂದೇ, ಹೊಸ ಕೋಟೆ. ನಮ್ಮ ಕಡೆ ಎಲ್ಲದಕ್ಕೂ ಎರಡೆರಡು ಹೆಸರು. ಬೇಡಡ್ಕ–ಬೇಡಗಂ, ಕಾರಡ್ಕ–ಕಾಡಗಂ, ಪಿಲಿಕುಂಜೆ–ಪುಲಿಕುನ್ನ್.

ಹೊಸಂಗಡಿ ಗೇಟು · ಸೋಮವಾರ ರಾತ್ರಿ 9:48

ಎರಡು ಹೆಸರಿದ್ರೆ ತೊಂದರೆ ಇಲ್ಲ. ಎರಡನ್ನೂ ಬರೆಯದಿದ್ರೆ ತೊಂದರೆ. ಒಂದು ಕೋಟೆಗೆ ಅಮ್ಮನನ್ನು ಕರ್ಕೊಂಡು ಹೋಗಿದ್ದೆ, ಅವರಿಗೆ ಕನ್ನಡ ಮಾತ್ರ ಓದ್ಲಿಕ್ಕೆ ಬರ್ತದೆ. ಇಕ್ಕೇರಿಯವರು ಕಟ್ಟಿದ ಕೋಟೆ, ಫಲಕದಲ್ಲಿ ಕನ್ನಡದ ಒಂದಕ್ಷರ ಇಲ್ಲ. ನಾನು ಓದಿ ಹೇಳಿದೆ. ಅಮ್ಮ ಕೇಳಿದ್ರು, "ಶಿವಪ್ಪ ನಾಯಕ ಬಂದ್ರೆ ಅವನಿಗೆ ಯಾರು ಓದಿ ಹೇಳುದು?"

ಪೇಟೆ ಹುಡುಗ · ಸೋಮವಾರ ರಾತ್ರಿ 10:01

ಶಿವಪ್ಪ ನಾಯಕನಿಗೆ ನಾನು ಟಿಪ್ಪು ಕಟ್ಟಿಸಿದ್ದು ಅಂತ ಹೇಳ್ತಿದ್ದೆ.

ನಿವೃತ್ತ ಮಾಷ್ಟ್ರು · ಮಂಗಳವಾರ ಬೆಳಗ್ಗೆ 6:05

ನಕ್ಕೆ. ಆದರೆ ಫಲಕದ ಮಾತು ನಗುವಂಥದ್ದಲ್ಲ. 1956ರ ನವೆಂಬರ್ 1ಕ್ಕೆ ನಾವು ಕೇರಳ ಸೇರಿದೆವು, 1967ರಲ್ಲಿ ಮಹಾಜನ್ ವರದಿ ಚಂದ್ರಗಿರಿಯ ಬಡಗು ಭಾಗ ಕರ್ನಾಟಕಕ್ಕೆ ಎಂದಿತು, ಅದು ಅಲ್ಲಿಗೇ ನಿಂತಿತು. ಅದನ್ನು ಮತ್ತೆ ಇಲ್ಲಿ ಕೆದಕುವುದಿಲ್ಲ, ಕೆದಕಿದರೆ ನೂರು ಪುಟವಾಗುತ್ತದೆ. ಅಮ್ಮಾ, ಅಪ್ಪನವರು 1956ರಲ್ಲಿ ಎಷ್ಟನೆಯ ತರಗತಿ? ಕೇಳಿ ನೋಡಿ.

ಎಡನೀರು ಮಠವೂ ನಿಮ್ಮ ದಾರಿಗೆ ಹತ್ತಿರವೇ. 1973ರ ಏಪ್ರಿಲ್ 24ರಂದು ಸುಪ್ರೀಂ ಕೋರ್ಟಿನ 13 ನ್ಯಾಯಾಧೀಶರು ಸಂವಿಧಾನದ ಮೂಲ ಸ್ವರೂಪ ಮುಟ್ಟಬಾರದೆಂದು 7–6ರಲ್ಲಿ ತೀರ್ಪು ಕೊಟ್ಟರಲ್ಲ, ಅದಕ್ಕೆ ಅರ್ಜಿ ಹೋದದ್ದು ಈ ಮಠದ ಕೇಶವಾನಂದ ಭಾರತೀ ಸ್ವಾಮಿಗಳಿಂದ, ಮಠದ ಭೂಮಿಯ ವಿಷಯಕ್ಕೆ. ಕಾನೂನು ಓದಿದವರು ದೂರದಿಂದ ಬಂದು ಮಠದ ಎದುರು ಫೋಟೋ ತೆಗೆಸಿಕೊಳ್ಳುತ್ತಾರೆ. ನಮ್ಮವರಿಗೆ ಅದು ಯಕ್ಷಗಾನ ನೋಡುವ ಜಾಗ.

ನೀರ್ಚಾಲು ರಸ್ತೆ · ಜನವರಿ 2, ರಾತ್ರಿ 8:40

ಹೋಗಿ ಬಂದೆವು! ಎಲ್ಲರಿಗೂ ದೊಡ್ಡ ನಮಸ್ಕಾರ. ವರದಿ ಒಪ್ಪಿಸ್ತೀನಿ.

ಮಂಜೇಶ್ವರಕ್ಕೆ ಮುಟ್ಟುವಾಗ ಹೆದ್ದಾರಿ ಕೆಲಸದಲ್ಲಿ ಸಿಕ್ಕಿಕೊಂಡು ಗಿಳಿವಿಂಡು ತಪ್ಪಿತು, ನನ್ನದೇ ಲೆಕ್ಕ ತಪ್ಪು. ಅನಂತಪುರದಲ್ಲಿ ಅಪ್ಪ ಮೊಸಳೆ ಕೇಳಲಿಲ್ಲ, ಸಂಕದ ತುದಿಯಲ್ಲಿ ನಿಂತು ಬಂಡೆ ಕಡಿದ ಗೆರೆ ನೋಡ್ತಾ ಇದ್ದರು. ಬೇಳದ ಇಗರ್ಜಿ ಅವರಿಗೆ ಗುರುತಿತ್ತು, "ಬಸ್ಸಿನಲ್ಲಿ ಇದು ಕಂಡ್ರೆ ಪುಸ್ತಕ ಕಟ್ಟಿಡ್ಬೇಕು, ಇಳಿಯುವ ಜಾಗ ಬಂತು ಅಂತ" ಅಂದರು. ಮಾಷ್ಟ್ರೇ, 1956ರಲ್ಲಿ ಮೂರನೇ ಕ್ಲಾಸಂತೆ. ಅವತ್ತು ಏನಾಯ್ತು ಅಂದ್ರೆ, "ಎಂತ ಆಗ್ಲಿಲ್ಲ, ಮರುದಿನವೂ ಅದೇ ಮಗ್ಗಿ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಮನೆಯಲ್ಲಿ ಅಪ್ಪ ಊಟ ಮಾಡ್ಲಿಲ್ಲ" ಅಂದರು.

ಬೇಕಲದಲ್ಲಿ ಗೋಪುರ ಹತ್ತಲೇ ಇಲ್ಲ. ಮೂರು ಕಿಂಡಿಗೂ ಕಣ್ಣಿಟ್ಟು ನೋಡಿದರು. ಪಕ್ಕದಲ್ಲಿ ಶಾಲೆ ಮಕ್ಕಳ ಗುಂಪಿತ್ತು, ಅವರನ್ನು ಕರೆದು ಒಬ್ಬೊಬ್ಬರಿಗೇ ತೋರಿಸೋಕೆ ಶುರು ಮಾಡಿದರು, ಅವರ ಟೀಚರು ಬಂದು ಸಾಲಿನಲ್ಲಿ ನಿಲ್ಲಿಸಿದರು. ಚಂದ್ರಗಿರಿ ಕೋಟೆಯಲ್ಲಿ ಮುಳ್ಳು ಅಂಟಿದ್ದು ನಿಜ. ಮಧೂರಿನಲ್ಲಿ "ಅಡೂರು, ಮಧೂರು" ಅಂತ ನಾನು ಶುರು ಮಾಡೋದರೊಳಗೆ ಅವರು ಕಣ್ಯಾರಕ್ಕೆ ಮುಟ್ಟಿದ್ದರು. ಅಪ್ಪ ಸಿಕ್ಕ ಸಿಕ್ಕ ಗೋಡೆಗೆಲ್ಲ ಗೆಣ್ಣಿನಿಂದ ಬಡೀತಿದ್ದರು, ಮುರಕಲ್ಲು ಅಣ್ಣ, ಅದಕ್ಕೆ ನೀವೇ ಹೊಣೆ.

ಆಮೇಲೆ ಶೇಣಿ. ಚಿಕ್ಕಪ್ಪನವರು ಬಿಸಿ ಗೋಳಿಬಜೆ, ಕಾಫಿ ಕೊಟ್ಟ ಮೇಲೆಯೇ ತೋಟಕ್ಕೆ ಬಿಟ್ಟದ್ದು. ಸುರಂಗದ ಬಾಯಿಯಲ್ಲಿ ಅಡಿಕೆ ದಬ್ಬೆ ಇಟ್ಟಿದ್ದಾರೆ, ಹೆಬ್ಬೆರಳಿನ ದಪ್ಪ ನೀರು. ಅಪ್ಪ ಕೈ ಒಡ್ಡಿ ಕುಡಿದರು, ನನ್ನ ಬಾಟಲಿಯ ನೀರು ಚೆಲ್ಲಿ ಇದನ್ನು ತುಂಬಿಸಿದರು. ಆಗ ಹೇಳಿದ್ದು: ಹನ್ನೆರಡನೇ ವಯಸ್ಸಿಗೆ ಒಂದು ರಜೆಯಿಡೀ ಸುರಂಗದ ಮಣ್ಣು ಹೊತ್ತಿದ್ದರಂತೆ, ಬುಟ್ಟಿಗೆ ಇಷ್ಟು ಅಂತ. ಅಮ್ಮನಿಗೂ ಈ ವಿಷಯ ಗೊತ್ತಿರಲಿಲ್ಲ.

ಮೊಣಕಾಲಿನಿಂದ ಒಳಗೆ ಬರಲಾಗಲಿಲ್ಲ. ಬಾಯಿಯ ಹತ್ತಿರ ಕಲ್ಲಿನ ಮೇಲೆ ಕೂತು ನನ್ನನ್ನು ಕಳಿಸಿದರು. "ಎಡಗೈ ಗೋಡೆಗೆ ಇಡು. ಪಿಕ್ಕಾಸಿನ ಗೆರೆ ಸಿಗ್ತದಾ? ಎತ್ತ ವಾಲಿದೆ?" ಟಾರ್ಚು ಹಿಡಿದು ನೋಡಿದೆ. ಬೆರಳಗಲದ ಗೆರೆಗಳು, ಬಾಚಣಿಗೆ ಎಳೆದ ಹಾಗೆ, ಎಲ್ಲ ಒಂದೇ ಕಡೆ ವಾಲಿದ್ದವು. ಕೂಗಿ ಹೇಳಿದೆ. ಇಪ್ಪತ್ತು ಹೆಜ್ಜೆ ಆದ ಮೇಲೆ ಒಂದು ಸಣ್ಣ ತಿರುವು, ಅಲ್ಲಿಂದ ಗೆರೆಗಳು ತಿರುಗಿ ಇನ್ನೊಂದು ಕಡೆ ವಾಲಿದವು. ಅದನ್ನೂ ಕೂಗಿದೆ. ಹೊರಗಿಂದ ಅಪ್ಪನ ಸ್ವರ, ಗುಡ್ಡವೇ ಮಾತಾಡಿದ ಹಾಗೆ ಬಂತು: "ಅಲ್ಲಿಂದ ಮುಂದೆ ಎಡಚನದ್ದು. ಆಳು ಬದಲಾಗಿದ್ದಾನೆ."

ಬಾವಲಿ ಇತ್ತು. ಕಿರುಚಲಿಲ್ಲ. ಸ್ವಲ್ಪವೇ ಕಿರುಚಿದೆ.

ಮುರಕಲ್ಲು · ಜನವರಿ 2, ರಾತ್ರಿ 9:25

ನಾನು ಮೂವತ್ತು ವರ್ಷ ಕಲ್ಲಿನಲ್ಲಿ ಕಳೆದವ, ಗೆರೆ ನೋಡಿ ಎಡಚ ಅಂತ ಹೇಳ್ಲಿಕ್ಕೆ ನನಗೆ ಹೊಳೀತಿರ್ಲಿಲ್ಲ. ಯಾರಂತೆ ಆ ಎಡಚ, ಗೊತ್ತಾಯ್ತಾ?

ನೀರ್ಚಾಲು ರಸ್ತೆ · ಜನವರಿ 2, ರಾತ್ರಿ 9:40

ಅಪ್ಪನೂ ಅದನ್ನೇ ಕೇಳಿದರು. ಚಿಕ್ಕಪ್ಪನವರು ಅವರ ಅಜ್ಜನ ಕಾಲದ್ದು ಅಂದರು. ಕೆಳಗಿನ ಮನೆಯ ಹಿರಿಯರೊಬ್ಬರಿಗೆ ಗೊತ್ತಿರಬಹುದಂತೆ, ಅವರು ಮಗಳ ಮನೆಗೆ ಹೋಗಿದ್ದರು. ಅಪ್ಪ ಈಗ ಮೇ ತಿಂಗಳಿಗೆ ರೈಲು ಟಿಕೆಟು ನೋಡ್ತಾ ಕೂತಿದ್ದಾರೆ.

ಶೇಣಿ ಸೋಗೆ · ಜನವರಿ 2, ರಾತ್ರಿ 10:10

ಅವರು ಶಿವರಾತ್ರಿಗೆ ವಾಪಸು ಬರ್ತಾರೆ, ನಾನು ಕೇಳಿ ಇಡ್ತೇನೆ. ಮೇ ತಿಂಗಳಲ್ಲಿ ಬಂದ್ರೆ ಹಲಸಿನ ಹಣ್ಣೂ ಉಂಟು. ಮಳೆ ಹಿಡಿಯುವ ಮೊದಲು ಬನ್ನಿ, ಆಮೇಲೆ ತೋಟದ ದಾರಿಯಲ್ಲಿ ಕಾರು ಹೂತು ಹೋಗ್ತದೆ.